ಏಳು ದಿನಕ್ಕೊಮ್ಮೆ

ಒಲುಚಿಯ ಸಂಸ್ಥೆಗೆ ಪರವಾನಗಿ ಬಂದ ಸಂತೋಷಕ್ಕೆ ಊಟ ಇಟ್ಟಿದ್ದ ಶನಿವಾರ ಅದಾಕು ಎರಡು ಸಲ ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು. ಸೆಕೆಯೇನೂ ಇರಲಿಲ್ಲ, ಭವನದೊಳಗೆ ಎ.ಸಿ. ಜೋರಾಗಿಯೇ ಓಡುತ್ತಿತ್ತು. ಬೆಳಗಿನಿಂದ ನಕ್ಕೂ ನಕ್ಕೂ ಅವಳ ದವಡೆ ಸೋತುಹೋಗಿತ್ತು. ಕನ್ನಡಿಯ ಮುಂದೆ ಎರಡು ನಿಮಿಷ ನಗದೆ ನಿಂತು, ಮತ್ತೆ ನಗುವನ್ನು ಸರಿಮಾಡಿಕೊಂಡು ಹೊರಗೆ ಬರುತ್ತಿದ್ದಳು.

ಹ್ಯೂಸ್ಟನ್ನಿನ ಬಿಸನೆಟ್ ರಸ್ತೆಯ ಆ ಭವನದಲ್ಲಿ ಅಂದು ಇಗ್ಬೊ ಜನ ಇನ್ನೂರರ ಮೇಲಿದ್ದರು. ಕೆಂಪಗೆ ಬೆಂದ ಜೊಲೊಫ್ ಅನ್ನ, ಖಾರದ ಮೇಕೆ ಮಾಂಸ, ಕಿವಿ ಗುಂಯ್ಗುಡುವಂಥ ಹಾಡು. ಊಟ ಇಡುವವಳ ಆಪ್ತ ಗೆಳತಿಯರೆಲ್ಲ ಒಂದೇ ಬಟ್ಟೆ ಉಡಬೇಕು, ಆ ಬಟ್ಟೆಯನ್ನು ಅವಳೇ ಆರಿಸಬೇಕು ಎನ್ನುವುದು ಅವರಲ್ಲಿ ವಾಡಿಕೆ. ಒಲುಚಿ ನವಿಲುಬಣ್ಣದ ಲೇಸು ಆರಿಸಿದ್ದಳು. ಅದಾಕುವಿಗೆ ಆ ಬಣ್ಣ ಒಪ್ಪುತ್ತಿರಲಿಲ್ಲ. ಆದರೂ ಉಟ್ಟಿದ್ದಳು.

ಇಬ್ಬರೂ ಎನುಗು ಪಟ್ಟಣದ ಒಂದೇ ನರ್ಸಿಂಗ್ ಶಾಲೆಯಲ್ಲಿ ಓದಿದವರು. ತರಗತಿಗೆ ಅದಾಕು ಮೊದಲನೆಯವಳು. ಒಲುಚಿ ಔಷಧಶಾಸ್ತ್ರದಲ್ಲಿ ಒಂದು ಸಲ ಡುಮ್ಕಿ ಹೊಡೆದು, ಎರಡನೆಯ ಸಲ ಅದಾಕು ಹಾಸ್ಟೆಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಹೇಳಿಕೊಟ್ಟ ಮೇಲೆ ಪಾಸಾದಳು. ಹ್ಯೂಸ್ಟನ್ನಿಗೆ ಬಂದದ್ದೂ ಒಂದೇ ವರ್ಷ. ಒಂದು ಕೋಣೆಯ ಮನೆಯಲ್ಲಿ ಎರಡು ವರ್ಷ ಜೊತೆಗಿದ್ದರು. ಚಳಿಯ ಕೋಟು ಇದ್ದದ್ದು ಒಂದೇ. ಯಾರಿಗೆ ಬೆಳಗಿನ ಪಾಳಿಯೋ ಅವರು ಹಾಕಿಕೊಳ್ಳುತ್ತಿದ್ದರು. ಆಮೇಲೆ ಅದಾಕು ಡಯಾಲಿಸಿಸ್ ಕೇಂದ್ರ ಸೇರಿ ಹತ್ತೊಂಬತ್ತು ವರ್ಷ ಅಲ್ಲೇ ಉಳಿದಳು. ಒಲುಚಿ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದು, ಈಗ ಅಂಥ ಕೆಲಸ ಮಾಡಿಸುವ ಸಂಸ್ಥೆಯನ್ನೇ ತೆರೆದಿದ್ದಳು. ಬಾಗಿಲ ಮೇಲೆ ಅವಳ ಹೆಸರು ಬಿದ್ದಿತ್ತು.

ಅದಷ್ಟೇ ಆಗಿದ್ದರೆ ಅದಾಕು ನುಂಗಿಕೊಳ್ಳುತ್ತಿದ್ದಳೇನೋ. ಸಂಸ್ಥೆಗೆ ಒಬ್ಬ ಮೇಲ್ವಿಚಾರಕ ನರ್ಸ್ ಇರಬೇಕು, ಅವಳು ಸಿಗದ ದಿನ ನಿಲ್ಲಲು ಇನ್ನೊಬ್ಬ ಬದಲಿ ನರ್ಸ್ ಇರಬೇಕು ಎಂಬುದು ಅಲ್ಲಿನ ನಿಯಮ. ಆರು ತಿಂಗಳ ಹಿಂದೆ ಒಲುಚಿ ಫೋನಿನಲ್ಲಿ, "ನ್ನೆ, ಬದಲಿಗೆ ನಿನ್ನ ಹೆಸರು ಹಾಕ್ಲೇನೇ?" ಎಂದು ಕೇಳಿದ್ದಳು. ನ್ನೆ ಎಂದರೆ ಅವರ ಭಾಷೆಯಲ್ಲಿ ಅವ್ವ; ಗೆಳತಿಯರೂ ಪ್ರೀತಿಗೆ ಹಾಗೆ ಕರೆದುಕೊಳ್ಳುತ್ತಾರೆ. ಅದಾಕು ಒಗ್ಗರಣೆಗೆ ಈರುಳ್ಳಿ ಹಾಕುತ್ತಾ, "ಹಾಕ್ಕೋ ಹೋಗೇ, ಅದಕ್ಕೂ ಕೇಳ್ಬೇಕಾ" ಎಂದಿದ್ದಳು. ಆಗ ಅದು ಏನೂ ಅನ್ನಿಸಿರಲಿಲ್ಲ. ಆದರೆ ಅಂದು ಇಗ್ಬೊ ಸಂಘದ ಅಧ್ಯಕ್ಷರು ಮೈಕು ಹಿಡಿದು, ಅವಳನ್ನು ವೇದಿಕೆಗೆ ಕರೆಸಿ, "ಇವಳು ನೋಡಿ, ನಮ್ಮ ಒಲುಚಿಯ ಬದಲಿ! ಒಲುಚಿ ಇಲ್ಲ ಅಂದ್ರೆ ಅದಾಕು!" ಎಂದು ಕೂಗಿದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಸೀಮೆಸುಣ್ಣದ ಧೂಳು ಇನ್ನೂ ಉಗುರಿನಲ್ಲೇ ಇದೆಯೇನೋ ಎನ್ನುವಂತೆ ಅದಾಕು ಕೈಯನ್ನು ಲೇಸಿಗೆ ಒರೆಸಿಕೊಂಡಳು.

ಮನೆಗೆ ಹೋಗುವಾಗ ಕಾರು ಓಡಿಸುತ್ತಿದ್ದ ಗಂಡ ಉಗೊನ್ನಾ ಬೇರೆ ಬಾಯಿ ಸುಮ್ಮನಿರಿಸಲಿಲ್ಲ. ಅವನು ನಗರ ಬಸ್ಸಿನ ಚಾಲಕ; ದಿನವಿಡೀ ಜನರ ಜೊತೆ ಹರಟಿ ಅಭ್ಯಾಸ.

"ಬದಲಿ ಅಂದ್ರೆ ಏನೇ ಅದು? ನಮ್ ಬಸ್ಸಲ್ಲಿರೋ ಸ್ಟೆಪ್ನಿ ಟೈರಿನ ಥರಾನಾ?"

ಅದಾಕು ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಮನೆ ಬಂದ ಮೇಲೆ ಬಾಗಿಲು ತೆಗೆಯುತ್ತಾ ಹೇಳಿದಳು: "ನಾನೂ ಒಂದು ತೆಗೀತೀನಿ."

"ಏನನ್ನ?"

"ಏಜೆನ್ಸಿ."

ಮುಂದಿನ ವಾರವೇ ಅವಳು ಬೆನೆಡಿಕ್ಟನ ಆಫೀಸಿನಲ್ಲಿದ್ದಳು. ಪರವಾನಗಿಯ ಅರ್ಜಿ ತುಂಬಿಸಿಕೊಡುವುದು, ಕಾರ್ಯನೀತಿಯ ಪುಸ್ತಕ ಮಾಡಿಕೊಡುವುದು ಇವನ ಕಸುಬು. ಇಗ್ಬೊ ಜನರಲ್ಲಿ ಯಾರೇ ಸಂಸ್ಥೆ ತೆರೆದರೂ ಇವನ ಮೇಜಿನ ಮೇಲಿಂದಲೇ ಹೋಗಬೇಕು. ಸಂಸ್ಥೆ ಏನು ಮಾಡುತ್ತದೆ, ಯಾವಾಗ ಮಾಡುತ್ತದೆ, ಯಾರು ಮಾಡುತ್ತಾರೆ ಎಂಬುದನ್ನೆಲ್ಲ ಆ ಪುಸ್ತಕದಲ್ಲಿ ಬರೆದಿಡಬೇಕು. ದೂರು ಬಂದರೆ ಏನು, ಚಂಡಮಾರುತ ಬಂದರೆ ಏನು, ಕೆಲಸದವಳ ಹಿಂದಿನ ನಡತೆ ವಿಚಾರಿಸುವುದು ಹೇಗೆ, ರೋಗಿಯ ಗುಟ್ಟು ಕಾಯುವುದು ಹೇಗೆ ಎಲ್ಲಕ್ಕೂ ಒಂದೊಂದು ಅಧ್ಯಾಯ. ಒಬ್ಬರ ಪುಸ್ತಕ ಇನ್ನೊಬ್ಬರ ಕೈಗೆ, ಅವರದು ಮತ್ತೊಬ್ಬರ ಕೈಗೆ ಹೋಗುತ್ತಾ, ಹೆಸರು ಬದಲಾಗುತ್ತಾ, ಎಷ್ಟೋ ಸಂಸ್ಥೆಗಳು ಹುಟ್ಟಿದ್ದವು.

"ಹೋದ ವರ್ಷ ಒಬ್ಬ ಮಹಾಶಯ ಬೆಂಕಿ ಅನಾಹುತದ ಅಧ್ಯಾಯದಲ್ಲಿ ಹೆಸರು ಬದಲಾಯಿಸೋದನ್ನೇ ಮೂರು ಕಡೆ ಮರೆತಿದ್ದ. ತಪಾಸಣೆಗೆ ಬಂದೋರು ಕೇಳಿದ್ರಂತೆ, ಬೆಂಕಿ ಬಿದ್ರೆ ಮಾತ್ರ ನಿಮ್ ಏಜೆನ್ಸಿ ಬೇರೆಯವರದ್ದಾಗುತ್ತಾ ಅಂತ" ಎಂದು ಬೆನೆಡಿಕ್ಟ್ ನಕ್ಕ.

ಅದಾಕು ನಗಲಿಲ್ಲ. "ಒಲುಚಿಗೆ ಎಷ್ಟು ಪುಟದ್ದು ಕೊಟ್ರಿ?"

"ಅವ್ರಾ? ತೆಳ್ಳಗಿನದ್ದು. ಅದರಲ್ಲೂ ಕೂತ್ಕೊಂಡು ಹೊಡೆದುಹಾಕಿ ಹೊಡೆದುಹಾಕಿ ನೂರಾ ನಲವತ್ತಕ್ಕೆ ಇಳಿಸಿದ್ರು."

"ನಂಗೆ ದಪ್ಪದ್ದು ಕೊಡಿ."

"ಸಿಸ್ಟರ್, ದಪ್ಪ ಆದ್ರೆ ಒಳ್ಳೇದು ಅಂತಿಲ್ಲ. ನಿಯಮ ಕೇಳಿದ್ದಷ್ಟು ಬರೆದ್ರೆ ಸಾಕು. ನೀವು ಹೆಚ್ಚಿಗೆ ಬರೆದ್ರೆ ಆ ಹೆಚ್ಚಿಗೆನೂ ನಿಮ್ಮ ತಲೆ ಮೇಲೇ ಕೂರುತ್ತೆ."

"ಹತ್ತೊಂಬತ್ತು ವರ್ಷದಿಂದ ಒಂದೇ ಕಡೆ ನರ್ಸು ನಾನು. ದಪ್ಪದ್ದು ಕೊಡಿ."

ಇನ್ನೂ ಒಂದು ಸಂಗತಿ ನಡೆಯಿತು. ಅದಾಕು ಸಂಸ್ಥೆ ತೆರೆಯುತ್ತಾಳಂತೆ ಎಂಬ ಸುದ್ದಿ ಚರ್ಚಿನ ಅಂಗಳದಲ್ಲೇ ಒಲುಚಿಯ ಕಿವಿಗೆ ಬಿತ್ತು. ಅವಳು ಮುಖ ಗಂಟು ಹಾಕುತ್ತಾಳೆ, ಆಗ ತನಗೂ ಒಂದು ಮಾತಾಡಲು ದಾರಿಯಾಗುತ್ತದೆ ಎಂದು ಅದಾಕು ಕಾದಿದ್ದಳು. ಆದರೆ ಒಲುಚಿ ಸೋಮವಾರ ತನ್ನ ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು.

"ತಗೋಳೇ, ನೋಡ್ಕೋ. ಎಲ್ಲಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ಕೇಳು."

ಔಷಧಶಾಸ್ತ್ರ ಡುಮ್ಕಿ ಹೊಡೆದವಳು ತನಗೆ ಹೇಳುತ್ತಿದ್ದಾಳೆ, ಅರ್ಥ ಆಗದಿದ್ದರೆ ಕೇಳು ಎಂದು! ಅದಾಕು ಥ್ಯಾಂಕ್ಸ್ ಹೇಳಿದಳು, ಕುಡಿಯಲು ತಣ್ಣಗಿನದು ಕೊಟ್ಟಳು, ಕಾರಿನವರೆಗೂ ಬಂದು ಕಳಿಸಿಕೊಟ್ಟಳು.

ಆಮೇಲಿನ ಎರಡು ತಿಂಗಳು ರಜೆ ಸಿಕ್ಕ ದಿನವೆಲ್ಲ ಅವಳು ಊಟದ ಮೇಜಿನ ಮೇಲೆ ಎರಡು ಪುಸ್ತಕ ಬಿಚ್ಚಿಕೊಂಡು ಕೂತಳು. ಎಡಕ್ಕೆ ಒಲುಚಿಯದು, ಬಲಕ್ಕೆ ತನ್ನದು. ದೂರು ಬಂದರೆ ಹತ್ತು ದಿನದೊಳಗೆ ವಿಚಾರಿಸುತ್ತೇವೆ ಎಂದು ಎಡಗಡೆ ಇದ್ದರೆ, ಬಲಗಡೆ ಒಂದೇ ದಿನ ಎಂದು ಬರೆದಳು. ಸಿಬ್ಬಂದಿಗೆ ವರ್ಷಕ್ಕೆ ಹನ್ನೆರಡು ಗಂಟೆ ತರಬೇತಿ ಎಂದಿದ್ದರೆ, ಇಪ್ಪತ್ತನಾಲ್ಕು. ಮೇಲ್ವಿಚಾರಕ ನರ್ಸ್ ರೋಗಿಯ ಮನೆಗೆ ಹೋಗಿ ಸಹಾಯಕಿಯ ಕೆಲಸ ನೋಡುವುದು ಮೂವತ್ತು ದಿನಕ್ಕೊಮ್ಮೆ ಎಂದು ಒಲುಚಿ ಬರೆದಿದ್ದಳು. ಆ ಸಾಲಿನ ಮೇಲೆ ಅದಾಕು ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದಳು. ಮೂವತ್ತು ದಿನವಂತೆ. ಸೋಮಾರಿ. ಅವಳು ಬರೆದಳು: ಏಳು ದಿನಕ್ಕೊಮ್ಮೆ, ತಪ್ಪದೆ.

ಅಂಥ ಒಂದೊಂದು ಸಾಲು ಬರೆದಾಗಲೂ ಹೊಟ್ಟೆಯೊಳಗಿನ ಉರಿಗೆ ಯಾರೋ ತಣ್ಣೀರು ಚಿಮುಕಿಸಿದಂತಾಗುತ್ತಿತ್ತು. ಪುಸ್ತಕ ಮುನ್ನೂರ ತೊಂಬತ್ತು ಪುಟ ದಾಟಿತು. ಉಗೊನ್ನಾ ಅದನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದನ್ನ ಓದಿ ಮುಗಿಸೋ ಹೊತ್ಗೆ ರೋಗಿನೇ ಗುಣ ಆಗ್ಬಿಡ್ತಾನೆ ಕಣೇ" ಎಂದ.

ಅರ್ಜಿ ಹೋಯಿತು. ಬೆರಳಚ್ಚು ಕೊಟ್ಟಳು, ಕಂಪ್ಯೂಟರಿನ ಮುಂದೆ ಕೂತು ಆಡಳಿತಗಾರರ ತರಬೇತಿ ಮುಗಿಸಿದಳು, ಜಡೆ ಹೆಣೆಯುವ ಅಂಗಡಿಯ ಪಕ್ಕದಲ್ಲಿ ಒಂದು ಕೋಣೆ ಹಿಡಿದಳು. ತನ್ನ ಬದಲಿಯಾಗಿ ಡಯಾಲಿಸಿಸ್ ಕೇಂದ್ರದ ಫಿಲಿಪಿನೋ ಗೆಳತಿ ಹೊಸೆಫಿನಾಳ ಹೆಸರು ಹಾಕಿದಳು. ಒಲುಚಿಯನ್ನು ಕೇಳಬಹುದಿತ್ತು, ಕೇಳಲಿಲ್ಲ.

ಮೊದಲು ಸಿಗುವುದು ಷರತ್ತಿನ ಪರವಾನಗಿ. ಒಬ್ಬ ರೋಗಿಯನ್ನಾದರೂ ಸೇರಿಸಿಕೊಂಡು ಆರೈಕೆ ಮಾಡಿ ತೋರಿಸಬೇಕು. ಆಮೇಲೆ ಒಂದು ದಿನ ಹೇಳದೆ ಕೇಳದೆ ತಪಾಸಣೆಗೆ ಬರುತ್ತಾರೆ. ಅದರಲ್ಲಿ ನಿಂತರೆ ಪರವಾನಗಿ ನಿಮ್ಮದು, ಬಿದ್ದರೆ ಬಾಗಿಲು ಮುಚ್ಚಿಕೊಳ್ಳಬೇಕು. ಅದಾಕು ಆಗಲೇ ಚರ್ಚಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಬಿದ್ದರೆ ಮತ್ತೆ ಒಲುಚಿಯ ಬದಲಿಯಾಗಿಯೇ ಉಳಿಯಬೇಕು. ಅದನ್ನು ನೆನೆಸಿಕೊಂಡರೇ ಅವಳ ಮೈ ಮೇಲೆ ಕೆಂಡ ಸುರಿದಂತಾಗುತ್ತಿತ್ತು.

ಮೊದಲ ರೋಗಿ ಗಿಡ್ರಿ ಎಂಬ ಎಂಬತ್ತೊಂದರ ಮುದುಕ. ಬಂದರಿನಲ್ಲಿ ಹಡಗಿಗೆ ಸರಕು ಏರಿಸುತ್ತಿದ್ದವನು. ಸೊಂಟದ ಆಪರೇಶನ್ ಆಗಿ ಒಬ್ಬನೇ ಸ್ನಾನ ಮಾಡಲಾರದವನಾಗಿದ್ದ. ಮರ್ಸಿ ಎಂಬ ಸಹಾಯಕಿ ದಿನಾ ಹೋಗಿ ಸ್ನಾನ, ಊಟ, ಮಾತ್ರೆ ನೋಡಿಕೊಳ್ಳುತ್ತಿದ್ದಳು. ಏಳು ದಿನಕ್ಕೊಮ್ಮೆ ಅದಾಕು ಹೋಗಿ, ಮರ್ಸಿ ಸರಿಯಾಗಿ ಮಾಡುತ್ತಿದ್ದಾಳೆಯೇ ಎಂದು ನೋಡಿ, ಮುದುಕನ ರಕ್ತದೊತ್ತಡ ಅಳೆದು, ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡು ಬರಬೇಕು.

"ಮಿಸ್ ಅದಾ, ನನ್ ಹೆಂಡ್ತಿ ಬದುಕಿದ್ದಾಗ್ಲೂ ನನ್ನನ್ನ ಇಷ್ಟು ವಿಚಾರಿಸ್ಕೊಳ್ಳಿಲ್ಲ" ಎನ್ನುತ್ತಿದ್ದ ಗಿಡ್ರಿ.

ಮೊದಲ ವಾರ ಹೋದಳು, ಎರಡನೆಯ ವಾರ ಹೋದಳು. ಮೂರನೆಯ ವಾರ ಡಯಾಲಿಸಿಸ್ ಕೇಂದ್ರದಲ್ಲಿ ಇಬ್ಬರು ನರ್ಸುಗಳು ಜ್ವರ ಬಂದು ಮಲಗಿದರು, ಅವರಲ್ಲಿ ಹೊಸೆಫಿನಾಳೂ ಒಬ್ಬಳು. ಅದಾಕು ಆರು ದಿನ ಎರಡೆರಡು ಪಾಳಿ ದುಡಿದಳು. ಪರವಾನಗಿ ಗಟ್ಟಿಯಾಗುವ ಮೊದಲು ಆ ಕೆಲಸ ಬಿಡುವಂತಿರಲಿಲ್ಲ. ನಾಲ್ಕನೆಯ ವಾರ ಹೋದಳು. ಐದನೆಯ ವಾರ ಮಳೆಗೆ ರಸ್ತೆಗಳು ಮುಳುಗಿದವು. ನೀರಿಳಿದ ಮೇಲೆ ಹೋಗೋಣವೆಂದುಕೊಂಡಳು, ಆಗಲಿಲ್ಲ. ಆರು, ಏಳು, ಎಂಟು ಸರಿಯಾಗಿ ನಡೆದವು. ಮುದುಕನಿಗೆ ಒಂದು ಕೂದಲೂ ಕೊಂಕಿರಲಿಲ್ಲ. ಮರ್ಸಿ ಒಂದು ದಿನವೂ ತಪ್ಪಿಸಿರಲಿಲ್ಲ.

ಒಂಬತ್ತನೆಯ ವಾರದ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ, ಅದಾಕು ಕೋಣೆಯ ಬಾಗಿಲು ತೆಗೆದು ಹತ್ತು ನಿಮಿಷವಾಗಿತ್ತು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ಒಳಗೆ ಬಂದಳು. ಐವತ್ತರ ಪ್ರಾಯ, ಚಪ್ಪಟೆ ಬೂಟು, ಚಕ್ರದ ಚೀಲ.

"ನಾನು ತ್ರೆವಿನ್ಯೋ. ರಾಜ್ಯದ ಕಚೇರಿಯಿಂದ ತಪಾಸಣೆಗೆ ಬಂದಿದೀನಿ. ನಿಮ್ಮ ಕಾರ್ಯನೀತಿಯ ಪುಸ್ತಕ ಕೊಡ್ತೀರಾ?"

ಅದಾಕು ಹೆಮ್ಮೆಯಿಂದಲೇ ಅದನ್ನು ಎತ್ತಿಕೊಟ್ಟಳು. ತ್ರೆವಿನ್ಯೋ ಅದನ್ನು ಮೇಜಿನ ಮೇಲಿಟ್ಟಾಗ ಪೆನ್ನಿನ ಡಬ್ಬಿ ಅಲುಗಾಡಿತು. "ದೊಡ್ಡದಿದೆ" ಎಂದಳು ಆಕೆ. ಅದಾಕು ಅದನ್ನು ಹೊಗಳಿಕೆ ಎಂದುಕೊಂಡಳು.

ಎರಡು ಗಂಟೆ ಹಾಳೆ ಮಗುಚುವ ಸದ್ದು. ನಡುನಡುವೆ ಹಳದಿ ಚೀಟಿ ಅಂಟಿಸುವ ಸದ್ದು. ತ್ರೆವಿನ್ಯೋ ಸಿಬ್ಬಂದಿಯ ಕಡತ ಕೇಳಿದಳು, ಅದಾಕು ಕೊಟ್ಟಳು; ನೇಮಕದ ಕಾಗದ ಸರಿಯಿತ್ತು, ತರಬೇತಿಯ ಹಾಳೆಗೆ ಒಂದು ಹಳದಿ ಚೀಟಿ ಬಿತ್ತು. ಚಂಡಮಾರುತದ ಯೋಜನೆ ಕೇಳಿದಳು; ಸರಿಯಿತ್ತು. ಆಮೇಲೆ ಗಿಡ್ರಿಯ ಕಡತ ತೆಗೆದು ಮೇಲ್ವಿಚಾರಣೆಯ ಹಾಳೆಗಳನ್ನು ಇಸ್ಪೀಟು ಎಲೆಯಂತೆ ಸಾಲಾಗಿ ಹರಡಿದಳು.

"ಮೇಡಂ, ಇಲ್ಲಿ ಆರು ಭೇಟಿ ಇದೆ. ಎಂಟು ವಾರ ಆಗಿದೆ."

"ನಿಯಮದಲ್ಲಿ ವಾರಕ್ಕೊಂದು ಅಂತ ಇಲ್ಲ, ಮೇಡಂ."

"ಇಲ್ಲ. ನಿಯಮ ಇಷ್ಟು ಕೇಳೋದಿಲ್ಲ. ಆದ್ರೆ ನಿಮ್ಮ ಪುಸ್ತಕದಲ್ಲಿ ಏಳು ದಿನಕ್ಕೊಮ್ಮೆ ತಪ್ಪದೆ ಅಂತ ನೀವೇ ಬರ್ದಿದೀರಿ. ನೀವು ಬರೆದಿದ್ದನ್ನ ನೀವು ಮಾಡ್ತೀರಾ ಅಂತ ನೋಡೋದು ನನ್ನ ಕೆಲಸ. ಮೂರನೇ ವಾರ, ಐದನೇ ವಾರದ ಹಾಳೆ ಎಲ್ಲಿ?"

ಅದಾಕುವಿನ ಬಾಯಿಂದ ತಾನಾಗಿಯೇ ಮಾತು ಹೊರಬಿತ್ತು: "ಮನೇಲಿರ್ಬೇಕು."

"ಸರಿ. ನಾನೀಗ ಗಿಡ್ರಿಯವರನ್ನ ನೋಡೋಕೆ ಹೋಗ್ತೀನಿ. ಎರಡು ಗಂಟೆಗೆ ವಾಪಸ್ ಬರ್ತೀನಿ. ಅಷ್ಟರಲ್ಲಿ ತರಿಸಿಡಿ."

ಆಕೆ ಹೋದ ಮೇಲೆ ಅದಾಕು ಗಂಡನಿಗೆ ಫೋನು ಮಾಡಿದಳು. ಅಂದು ಅವನಿಗೆ ರಜೆ. ಬುತ್ತಿ ಹಿಡಿದುಕೊಂಡೇ ಬಂದ. ಕೇಳಿಸಿಕೊಂಡು, ಬುತ್ತಿಯ ಮುಚ್ಚಳ ತೆಗೆಯುತ್ತಾ, "ಎರಡು ಹಾಳೆ ತಾನೆ? ಬರಿ" ಎಂದ.

"ಅವ್ಳು ಮುದುಕನನ್ನ ಕೇಳ್ತಾಳೆ ಕಣ್ರೀ."

ಹಾಗೆನ್ನುವಷ್ಟರಲ್ಲೇ ಫೋನು ಬಂತು. ಗಿಡ್ರಿ.

"ಮಿಸ್ ಅದಾ, ಸರ್ಕಾರದೋಳು ಬಂದಿದ್ಲು. ಈಗಷ್ಟೇ ಹೋದ್ಲು. ನರ್ಸು ವಾರ ವಾರ ಬರ್ತಾಳಾ ಅಂತ ಕೇಳಿದ್ಲು. ನಾನಂದೆ, ನಾನು ಚರ್ಚಿಗಾದ್ರೂ ತಪ್ಪಿಸ್ಕೋತೀನಿ, ಆಯಮ್ಮ ನಮ್ಮನೆಗೆ ತಪ್ಪಿಸ್ಕೊಳ್ಳೋಳಲ್ಲ ಅಂತ. ಸರಿ ಹೇಳಿದ್ನಾ?"

"ಸರಿ... ಸರಿ ಹೇಳಿದ್ರಿ" ಎಂದು ಅದಾಕು ಫೋನು ಇಟ್ಟಳು.

ಉಗೊನ್ನಾ ಕೈ ಅಗಲಿಸಿದ. "ಇನ್ನೇನು? ಮುದುಕನೇ ಸಾಕ್ಷಿ ಹೇಳಿಯಾಯ್ತು. ನೀನು ಬರಿ, ನಾನು ಕಾರಲ್ಲಿ ಹೋಗಿ ಅವನ ಸಹಿ ಹಾಕಿಸ್ಕೊಂಡು ಬರ್ತೀನಿ. ಯಾರಿಗೆ ಏನು ನಷ್ಟ?"

ನಷ್ಟ ಯಾರಿಗೂ ಇರಲಿಲ್ಲ. ಅದಾಕು ಖಾಲಿ ಹಾಳೆ ತೆಗೆದುಕೊಂಡಳು. ಮೂರನೆಯ ವಾರದ ತಾರೀಖು ಹಾಕಿದಳು. ರಕ್ತದೊತ್ತಡದ ಚೌಕಕ್ಕೆ ಬಂದಾಗ ಮುದುಕನದು ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಯೋಚಿಸಿದಳು. ಆಗ ಅವಳಿಗೆ ಎನುಗುವಿನ ವಾರ್ಡು ಕಣ್ಣ ಮುಂದೆ ಬಂತು.

ಎರಡನೆಯ ವರ್ಷದಲ್ಲಿ, ಒಂದು ಮಧ್ಯಾಹ್ನ ದೊಡ್ಡ ಡಾಕ್ಟರು ಬರುತ್ತಾರೆಂದು ಗೊತ್ತಾದಾಗ ವಾರ್ಡಿನ ಸಿಸ್ಟರು ವಿದ್ಯಾರ್ಥಿನಿಯರನ್ನೆಲ್ಲ ಕರೆದು, ಬೆಳಗ್ಗೆ ಅಳೆಯದೆ ಬಿಟ್ಟಿದ್ದ ಜ್ವರದ ಪಟ್ಟಿಗಳನ್ನು ತುಂಬಿಸಿಡಲು ಹೇಳಿದ್ದರು. ಅದಾಕು ಸಾಲಾಗಿ ಒಪ್ಪುವಂಥ ಅಂಕಿಗಳನ್ನು ತುಂಬಿದಳು. ಅಚ್ಚುಕಟ್ಟಾದ ಹುಡುಗಿ ಎಂದು ಹೊಗಳಿಸಿಕೊಂಡಳು. ಒಲುಚಿ ತನ್ನ ನಾಲ್ಕು ಹಾಸಿಗೆಗಳ ಪಟ್ಟಿ ಖಾಲಿ ಬಿಟ್ಟಳು. "ನಾನು ಅಳೆದಿಲ್ಲ, ಸಿಸ್ಟರ್" ಎಂದಳು, ಅಷ್ಟೆ. ಅವಳನ್ನು ಸಂಜೆಯವರೆಗೆ ಓಣಿಯಲ್ಲಿ ನಿಲ್ಲಿಸಿದರು. ಅಂದು ಅದಾಕು ಅವಳನ್ನು ಪೆದ್ದಿ ಎಂದಿದ್ದಳು.

ಈಗ ಈ ಹಾಳೆ ತುಂಬಿದರೆ ಪರವಾನಗಿ ಬರುತ್ತದೆ. ಇಬ್ಬರ ಗೋಡೆಯ ಮೇಲೂ ಒಂದೇ ಥರದ ಕಾಗದ ನೇತಾಡುತ್ತದೆ. ಆದರೆ ಒಲುಚಿಯದು ಅಳೆದು ಬರೆದದ್ದು, ತನ್ನದು ಅಳೆಯದೆ ಬರೆದದ್ದು. ಲೋಕಕ್ಕೆ ಗೊತ್ತಾಗುವುದಿಲ್ಲ. ತನಗೆ ಗೊತ್ತಿರುತ್ತದೆ. ಇನ್ನು ಜೀವನಪೂರ್ತಿ ತನ್ನ ಹತ್ತಿರ ಇಲ್ಲದ್ದೊಂದು ಒಲುಚಿಯ ಹತ್ತಿರ ಇರುತ್ತದೆ, ಅದನ್ನು ಏನು ಮಾಡಿದರೂ ಸಂಪಾದಿಸಲಾಗುವುದಿಲ್ಲ. ಅದಾಕುವಿಗೆ ಸರ್ಕಾರದ ಭಯಕ್ಕಿಂತ, ದೇವರ ಭಯಕ್ಕಿಂತ ಇದು ಹೆಚ್ಚಾಗಿ ಚುಚ್ಚಿತು. ಎಲ್ಲ ಬಿಟ್ಟು ಇದರಲ್ಲೂ ಅವಳಿಗೆ ಸೋಲಬೇಕೇ?

ಹಾಳೆಯನ್ನು ನಾಲ್ಕಾಗಿ ಹರಿದಳು.

"ಅಯ್ಯೋ, ಯಾಕೇ?" ಎಂದ ಉಗೊನ್ನಾ.

"ನೀವು ಊಟ ಮಾಡಿ" ಎಂದಳು.

ಎರಡು ಗಂಟೆಗೆ ಸರಿಯಾಗಿ ತ್ರೆವಿನ್ಯೋ ಬಂದಾಗ ಅದಾಕು ಎದ್ದು ನಿಂತಿದ್ದಳು.

"ಹಾಳೆ ಮನೇಲಿಲ್ಲ, ಮೇಡಂ. ಎಲ್ಲೂ ಇಲ್ಲ. ಆ ಎರಡು ವಾರ ನಾನು ಹೋಗ್ಲಿಲ್ಲ."

"ಆದ್ರೆ ಗಿಡ್ರಿಯವರು ನೀವು ವಾರ ವಾರ ಬಂದ್ರಿ ಅಂದ್ರು."

"ಅವ್ರು ಒಳ್ಳೇವ್ರು. ನಾನು ಹೋಗಿರ್ಲಿಲ್ಲ."

ತ್ರೆವಿನ್ಯೋ ಕುರ್ಚಿ ಎಳೆದುಕೊಂಡು ಕೂತು ಬಹಳ ಹೊತ್ತು ಬರೆದಳು. ಆಮೇಲೆ ಕನ್ನಡಕ ತೆಗೆದು, ಪೆನ್ನು ಕೆಳಗಿಟ್ಟು ಕೇಳಿದಳು: "ಇದು ನನ್ನ ವರದಿಗಲ್ಲ. ಸುಮ್ನೆ ಕೇಳ್ತಿದೀನಿ. ಒಬ್ಬಳೇ ನರ್ಸು, ಇನ್ನೊಂದು ಕೆಲಸಾನೂ ಇದೆ. ಏಳು ದಿನ ಅಂತ ಯಾಕೆ ಬರೆದ್ರಿ?"

ಅದಾಕು ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಒಟ್ಟುಮಾಡಿದಳು. ರೋಗಿಯ ಹಿತಕ್ಕಾಗಿ ಎನ್ನಬಹುದಿತ್ತು.

"ನನ್ ಗೆಳತಿ ಪುಸ್ತಕದಲ್ಲಿ ಮೂವತ್ತು ಅಂತಿತ್ತು."

ತ್ರೆವಿನ್ಯೋ ನಗಲಿಲ್ಲ. ಅವಳ ಮುಖ ನೋಡಿದರೆ ಅವಳಿಗೂ ಅಂಥ ಗೆಳತಿಯೊಬ್ಬಳು ಇದ್ದಳೇನೋ ಅನ್ನಿಸುತ್ತಿತ್ತು. "ನಿಮ್ಮ ಕೊರತೆಯ ಪಟ್ಟಿ ಬರುತ್ತೆ" ಎಂದಳು. "ಅದು ಕೈಗೆ ಬಂದು ಹತ್ತು ದಿನದೊಳಗೆ ಹೇಗೆ ಸರಿಪಡಿಸ್ತೀರಿ ಅಂತ ಬರೆದು ಕಳಿಸ್ಬೇಕು. ಅದನ್ನ ಒಪ್ಪಿದ್ರೆ ಲೈಸೆನ್ಸು ಉಳಿಯುತ್ತೆ. ಈ ಸಲ ಮಾಡೋಕಾಗೋದನ್ನ ಬರೀರಿ."

ಪಟ್ಟಿ ಬಂತು. ಅದರಲ್ಲಿ ಮೂರು ಕೊರತೆಗಳಿದ್ದವು: ತಪ್ಪಿದ ಎರಡು ಭೇಟಿ, ಗಿಡ್ರಿಯ ಒಂದು ಸಣ್ಣ ದೂರಿಗೆ ಒಂದು ದಿನದ ಬದಲು ಮೂರು ದಿನ ಹಿಡಿದದ್ದು, ಮರ್ಸಿಯ ಇಪ್ಪತ್ತನಾಲ್ಕು ಗಂಟೆಯ ತರಬೇತಿ ಇನ್ನೂ ಶುರುವಾಗದಿದ್ದದ್ದು. ಮೂರೂ ಅವಳು ಒಲುಚಿಯನ್ನು ಮೀರಿಸಲು ಬರೆದ ಸಾಲುಗಳ ಮೇಲೆ. ನಿಯಮ ಕೇಳಿದ ಒಂದೇ ಒಂದು ಸಂಗತಿಯಲ್ಲೂ ಅವಳು ತಪ್ಪಿರಲಿಲ್ಲ.

ಯಾರು ಹೇಳಿದರೋ, ಬಹುಶಃ ಉಗೊನ್ನಾನೇ ಇರಬೇಕು, ಗುರುವಾರ ಮಧ್ಯಾಹ್ನ ಒಲುಚಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲವಿರಲಿಲ್ಲ, ಮುಖದಲ್ಲಿ ನಗುವಿರಲಿಲ್ಲ.

"ಪಟ್ಟಿ ತೋರ್ಸು."

"ನೋಡೋಕೆ ಬಂದ್ಯಾ?"

"ಹೂಂ, ನೋಡೋಕೇ ಬಂದೆ. ತೋರ್ಸು."

ಓದಿದಳು. ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲಕ್ಕೆ ಹೋಯಿತು. "ಏಳು ದಿನ, ಒಂದು ದಿನ, ಇಪ್ಪತ್ತನಾಲ್ಕು ಗಂಟೆ. ಇದೆಲ್ಲ ನನ್ ಪುಸ್ತಕ ಪಕ್ಕದಲ್ಲಿಟ್ಕೊಂಡು ಬರ್ದಿದ್ದಾ?"

ಅದಾಕು ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು.

"ನಾನು ಪುಸ್ತಕ ತಂದ್ಕೊಟ್ಟಿದ್ದು ನೀನು ನನ್ ಜೊತೆ ಪಂದ್ಯ ಕಟ್ಲಿ ಅಂತ ಅಲ್ಲ ಕಣೇ."

"ಮತ್ತೆ ನನ್ನನ್ನ ವೇದಿಕೆ ಮೇಲೆ ನಿಲ್ಸಿ ಬದಲಿ ಬದಲಿ ಅಂತ ಕೂಗ್ಸಿದ್ಯಲ್ಲ, ಅದು?"

ಒಲುಚಿ ಅವಳನ್ನೇ ದಿಟ್ಟಿಸಿದಳು. "ಚಿನೆಕೆ, ದೇವರೇ! ಅದಾ ನಿನ್ ಹೊಟ್ಟೇಲಿರೋದು? ನಾಳೆ ನಾನು ಸತ್ತು ಬಿದ್ರೆ ನನ್ ರೋಗಿಗಳನ್ನ ಯಾರ ಕೈಗೆ ಕೊಡ್ತೀಯ ಅಂತ ಕೇಳಿತ್ತು ಆ ಫಾರಮ್ಮು. ನಾನು ಎರಡನೇ ಹೆಸರು ಯೋಚ್ನೆ ಕೂಡ ಮಾಡ್ಲಿಲ್ಲ. ನೀನು ಯಾರನ್ನ ಬರ್ದೆ?"

"ಹೊಸೆಫಿನಾ."

"ಅವ್ಳ ಅಡ್ಡಹೆಸರು ಗೊತ್ತಾ ನಿಂಗೆ?"

ಅದಾಕುವಿಗೆ ಸಿಟ್ಟು ಬರುವ ಬದಲು ನಗು ಬಂತು, ತಡೆದುಕೊಂಡಳು. ಒಲುಚಿ ಆಗಲೇ ಕುರ್ಚಿಯಲ್ಲಿ ಕೂತು ಪೆನ್ನು ಹುಡುಕುತ್ತಿದ್ದಳು.

"ಬಾ ಇಲ್ಲಿ. ಬರೆಯೋಣ. ಮೂವತ್ತು ಅಂತ ಬರಿ."

"ಹದಿನಾಲ್ಕು ಬರೀತೀನಿ."

"ಯಾಕೆ?"

"ಸುಮ್ನೆ."

"ಅದಾಕು, ನಿಂಗೆ ಮೂವತ್ತು ಅಂತ ಬರೆಯೋಕೆ ಆಗ್ತಿಲ್ಲ, ಯಾಕಂದ್ರೆ ನಂದೂ ಮೂವತ್ತು. ನಾನು ಮೂವತ್ತು ಅಂತ ಯಾಕೆ ಬರೆದೆ ಹೇಳ್ಲಾ? ನಂಗೆ ನನ್ ಕೈಲಿ ಆಗೋದು ಎಷ್ಟು ಅಂತ ಗೊತ್ತು. ನಾನು ಯಾವಾಗ್ಲೂ ಹಿಂದಿನ ಬೆಂಚಿನೋಳು. ನಿಂಗೆ ಗೊತ್ತಿಲ್ಲ, ಯಾಕಂದ್ರೆ ನೀನು ಯಾವತ್ತೂ ಎರಡನೇ ಸಲ ಪರೀಕ್ಷೆ ಬರ್ದೋಳಲ್ಲ."

ಆ ಮಾತನ್ನು ಒಲುಚಿ ಚುಚ್ಚಲು ಆಡಿದಳೋ ಹೊಗಳಲು ಆಡಿದಳೋ ಅದಾಕುವಿಗೆ ತಿಳಿಯಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು. ಮೂವತ್ತು ಎಂಬ ಅಂಕಿ ಬರೆಯುವುದು ಹಸಿಮೆಣಸಿನಕಾಯಿ ನುಂಗಿದ ಹಾಗಿತ್ತು. ಬರೆದಳು. ಸರಿಯಾಗಿ ನಡೆಯುತ್ತಿದೆಯೇ ಎಂದು ಯಾರು ನೋಡುತ್ತಾರೆ, ಎಂದಿನಿಂದ ಎನ್ನುವುದನ್ನೆಲ್ಲ ಒಲುಚಿ ಹೇಳಿದಂತೆ ತುಂಬಿದಳು. ಎರಡು ಸಲ ಒಲುಚಿ ತಪ್ಪು ಹೇಳಿದಾಗ ತಿದ್ದಿದಳು. ಆ ಎರಡು ಸಲ ಮಾತ್ರ ಸ್ವಲ್ಪ ಸುಖವಾಯಿತು.

ಆಮೇಲೆ ಅದಾಕು ಒಬ್ಬಳೇ ಕೂತು ತನ್ನ ದಪ್ಪ ಪುಸ್ತಕದ ಸಾಲುಗಳನ್ನು ಹೊಡೆದುಹಾಕಿದಳು. ನೂರ ಅರವತ್ತು ಪುಟ ಉಳಿಯಿತು. ಒಲುಚಿಯದಕ್ಕಿಂತ ಇಪ್ಪತ್ತು ಜಾಸ್ತಿ ಎಂದು ಎಣಿಸಿದ್ದು ಸುಳ್ಳಲ್ಲ.

ಸರಿಪಡಿಸುವ ಯೋಜನೆ ಕಳಿಸಿದ ಮೇಲೆ ಆರು ವಾರ ಉತ್ತರವಿರಲಿಲ್ಲ. ಅಷ್ಟು ದಿನವೂ ಅವಳು ಟಪಾಲು ಡಬ್ಬಿಯನ್ನು ದಿನಕ್ಕೆರಡು ಸಲ ತೆರೆದು ನೋಡುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಯಾರಾದರೂ "ನಿಮ್ಮ ಏಜೆನ್ಸಿ ಎಲ್ಲಿಗೆ ಬಂತು?" ಎಂದರೆ, "ಬರ್ತಿದೆ" ಎಂದು ಜಾರಿಕೊಳ್ಳುತ್ತಿದ್ದಳು. ಒಲುಚಿ ಎರಡನೆಯ ವ್ಯಾನು ತೆಗೆದುಕೊಂಡಳೆಂದು ಕೇಳಿದ ದಿನ ಊಟ ಸೇರಲಿಲ್ಲ. ಪಟ್ಟಿಯ ಮುಂದೆ ಇಬ್ಬರೂ ಕೂತು ಬರೆದದ್ದು ನಿಜ. ಅಷ್ಟರಿಂದ ಹೊಟ್ಟೆಕಿಚ್ಚು ಆರಿತೆಂದರೆ ಅದು ಕಟ್ಟುಕತೆಯಾದೀತು.

ಕಾಗದ ಬಂದದ್ದು ಒಂದು ಶುಕ್ರವಾರ ಹನ್ನೊಂದು ಗಂಟೆಗೆ. ಅದಾಕು ಟಪಾಲು ಡಬ್ಬಿಯ ಮುಂದೆಯೇ ಹರಿದು ಓದಿದಳು. ಯೋಜನೆಯನ್ನು ಒಪ್ಪಲಾಗಿದೆ, ಪರವಾನಗಿ ಮುಂದುವರಿಯುತ್ತದೆ. ಎರಡು ಸಲ ಓದಿದಳು. ಉಗೊನ್ನಾ ಬಸ್ಸಿನಲ್ಲಿದ್ದ, ಫೋನು ಎತ್ತುವಂತಿರಲಿಲ್ಲ. ಅವಳ ಬೆರಳು ತಾನಾಗಿಯೇ ಇನ್ನೊಂದು ಹೆಸರಿಗೆ ಹೋಯಿತು.

"ಒಲುಚಿ, ಬಂತು ಕಣೇ."

ಆ ಕಡೆಯಿಂದ ಒಲುಚಿ ಕೂಗಿದಳು. ಯಾವುದೋ ರೋಗಿಯ ಮನೆಯಲ್ಲಿದ್ದಳೇನೋ, ಹಿಂದೆ ಯಾರೋ ಬೆಚ್ಚಿಬಿದ್ದು ಏನಾಯ್ತು ಏನಾಯ್ತು ಎನ್ನುತ್ತಿದ್ದುದು ಕೇಳಿಸಿತು. ಒಲುಚಿ ಅವರಿಗೂ ಹೇಳಿದಳು, "ನನ್ ಗೆಳತಿಗೆ ಬಂತು! ನನ್ ಗೆಳತಿಗೆ!" ಎಂದು. ಮತ್ತೆ ಕೂಗಿದಳು. ನಾಲಿಗೆ ಆಡಿಸಿ, ಊರಿನ ಹೆಂಗಸರು ಮಗು ಹುಟ್ಟಿದಾಗ ಕೂಗುವಂತೆ, ಉದ್ದಕ್ಕೆ.

ಅದಾಕು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡು ಆಲಿಸಿದಳು. ಆ ಕೂಗಿನಲ್ಲಿ ಎಲ್ಲಾದರೂ ಒಂದು ಬಿರುಕಿದೆಯೇ, ಒಂದು ಎಳೆ ಹುಳಿಯಿದೆಯೇ ಎಂದು ಹುಡುಕಿದಳು. ತಾನಾಗಿದ್ದರೆ ಇರುತ್ತಿತ್ತು. ಒಲುಚಿಯ ಕೂಗಿನಲ್ಲಿ ಇರಲಿಲ್ಲ. ಇನ್ನೊಬ್ಬರಿಗೆ ಬಂದದ್ದಕ್ಕೆ ಮೈಮರೆತು ಹೀಗೆ ಕೂಗುವುದು ತನಗೆ ಒಂದು ದಿನಕ್ಕಾದರೂ ಬಂದೀತೇ ಎಂದುಕೊಂಡಳು. ಕೈಯಲ್ಲಿ ಸ್ವಂತ ಪರವಾನಗಿಯ ಕಾಗದವಿದ್ದರೂ, ಬಿಸಿಲಲ್ಲಿ ನಿಂತಿದ್ದ ಅವಳಿಗೆ ಆ ಕೂಗಿನ ಮೇಲೆ ಹೊಟ್ಟೆಕಿಚ್ಚಾಯಿತು.

"ಏನೇ, ಸುಮ್ನಿದೀಯ? ಅಳ್ತಿದೀಯಾ?" ಎಂದಳು ಒಲುಚಿ.

"ಇಲ್ಲ" ಎಂದಳು ಅದಾಕು. "ಕೇಳಿಸ್ಕೊಳ್ತಿದೀನಿ. ಇನ್ನೊಂದ್ಸಲ ಕೂಗು."